ಅಮ್ಮನ ಸೀಟು

ಬ್ಯಾಟರಿಯ ತಂತಿ ಕಳಚಿದ ಮೇಲೆ ನನ್ನ ಸೋದರಮಾವ ಕಾಲು ಗಂಟೆ ಏನೂ ಮಾಡುತ್ತಿರಲಿಲ್ಲ. ಆ ಏನೂ ಮಾಡದಿರುವಿಕೆಯನ್ನು ಅವರು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರೆಂದರೆ, ಗ್ಯಾರೇಜಿನ ಗಿರಾಕಿಗಳು ಮೊದಲು ಸೋಮಾರಿಯೆಂದು, ಆಮೇಲೆ ತಿಕ್ಕಲೆಂದು ಬೈದು, ಕಡೆಗೆ ಆಸಾಮಿಯೇ ಹೀಗೆಂದು ಸುಮ್ಮನಾಗುತ್ತಿದ್ದರು. ಹಳೆಯ ಪಿಕಪ್ಪುಗಳ ಏರ್‌ಬ್ಯಾಗ್ ರಿಪೇರಿಯಲ್ಲಿ ಅವರದು ಎತ್ತಿದ ಕೈ. ತಂತಿ ಬಿಚ್ಚಿದರೂ ಒಳಗೆ ಒಂದಿಷ್ಟು ವಿದ್ಯುತ್ತು ಅವಿತು ಕೂತಿರುತ್ತದೆ, ಅವಸರಪಟ್ಟು ಕೈಹಾಕಿದವನ ಮುಖಕ್ಕೇ ಚೀಲ ಸಿಡಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಡಿಗೆಯೂ ವಿಚಿತ್ರವೇ. ಒತ್ತೊತ್ತಾಗಿ ನಿಂತ ಗಾಡಿಗಳ ನಡುವೆ ಜೀವಮಾನವೆಲ್ಲ ನುಸುಳಿದ್ದರಿಂದ, ಖಾಲಿ ಬೀದಿಯಲ್ಲೂ ಭುಜ ಓರೆ ಮಾಡಿಕೊಂಡೇ ನಡೆಯುವರು. ಮೈಮೇಲೆ ಸದಾ ಒಂದು ಮಾಸಿದ ನೀಲಿ ಕೋಟು. ಬಗ್ಗಿದಾಗ ಸ್ಕ್ರೂ ಉದುರಿ ಯಾರದೋ ಗಾಡಿಯ ಹೊಟ್ಟೆ ಸೇರಬಾರದೆಂದು ಅದರ ಮೇಲಿನ ಜೇಬನ್ನು ತಾವೇ ಹೊಲಿದು ಮುಚ್ಚಿದ್ದರು. ಇನ್ನು ಮಾತು. "ಅದಿರ್ಲಿ" ಎನ್ನದೆ ಅವರ ಬಾಯಿಂದ ವಾಕ್ಯವೇ ಹೊರಡದು. ನಾನಂದ್ರೆ ಇಷ್ಟಾನಾ ಎಂದು ಅತ್ತೆ ಮೊದಲ ಸಲ ಕೇಳಿದಾಗಲೂ "ಅದಿರ್ಲಿ, ಇಷ್ಟ" ಎಂದಿದ್ದರಂತೆ. ಅತ್ತೆ ಅದನ್ನಿನ್ನೂ ಮರೆತಿಲ್ಲ.

ಅಪ್ಪ ಅಮ್ಮ ಸಸಿಗಳನ್ನು ಬೆಳೆಸಿ ಮಾರುತ್ತಿದ್ದರು. ಒಂದು ಹಳೆಯ ಪಿಕಪ್ಪು. ಹಿಂದೆ ಸಸಿಗಳು, ಮುಂದೆ ಅಪ್ಪ, ಪಕ್ಕದಲ್ಲಿ ಮಡಿಲ ಮೇಲೆ ಎಳೆ ಸಸಿಗಳ ತಟ್ಟೆ ಇಟ್ಟುಕೊಂಡ ಅಮ್ಮ, ದಾರಿಯುದ್ದಕ್ಕೂ ಅಪ್ಪನಿಗೆ ಗಾಡಿ ಓಡಿಸುವುದನ್ನು ಕಲಿಸುತ್ತ. ಇಪ್ಪತ್ತೆರಡು ವರ್ಷ ಅವರ ಸಂಸಾರ ನಡೆದದ್ದೇ ಆ ಎರಡು ಸೀಟುಗಳ ಮೇಲೆ ಎಂದರೆ ತಪ್ಪಲ್ಲ. ಈಗಲೂ ಎಲ್ಲಾದರೂ ಒದ್ದೆ ಮಣ್ಣಿನ ವಾಸನೆಯ ಜೊತೆ ಡೀಸೆಲ್ ವಾಸನೆ ಬೆರೆತು ಬಂದರೆ ನಾನು ತಿರುಗಿ ಆ ಪಿಕಪ್ಪಿಗಾಗಿ ನೋಡುತ್ತೇನೆ.

ಒಂದು ದಿನ ಅದೇ ತಯಾರಿಕೆಯ, ಅಷ್ಟೇ ಹಳೆಯದಾದ ಮತ್ತೊಂದು ಪಿಕಪ್ಪನ್ನು ಗ್ಯಾರೇಜಿಗೆ ಎಳೆದು ತಂದರು. ಯಾವುದಕ್ಕೋ ಗುದ್ದಿತ್ತು. ಪಕ್ಕದ ಸೀಟಿನ ಏರ್‌ಬ್ಯಾಗ್ ಬಿಚ್ಚಿಕೊಂಡೇ ಇರಲಿಲ್ಲ. ಆ ಕಡೆಯ ಮುಂಗಾಜು ಒಳಗಿನಿಂದ ಒಡೆದಿತ್ತು. ಮಾವ ಅದನ್ನು ಬಹಳ ಹೊತ್ತು ನೋಡಿದರಂತೆ. ಮಾರನೆಯ ಬೆಳಿಗ್ಗೆ ಅಪ್ಪ ಆಯಿಲ್ ಬದಲಿಸಲೆಂದು ಬಿಟ್ಟುಹೋದ ನಮ್ಮ ಗಾಡಿಯಿಂದ ಅಮ್ಮನ ಸೀಟನ್ನು ನಾಲ್ಕು ಬೋಲ್ಟು ಬಿಚ್ಚಿ ಕಿತ್ತು ಒಳಗಿಟ್ಟರು.

ಅಪ್ಪನಿಗೆ ಪಿತ್ತ ನೆತ್ತಿಗೇರಿತು. ಬೆಲ್ಟ್ ಇದೆಯಲ್ಲ, ಇಷ್ಟು ವರ್ಷ ಏನಾಗಿದೆ, ನನ್ನ ಹೆಂಡತಿ ಎಲ್ಲಿ ಕೂರಬೇಕು ಎಂದು ಕೂಗಾಡಿದರು. ಹೊಸ ಏರ್‌ಬ್ಯಾಗ್ ಬರುವತನಕ ಸೀಟಿಲ್ಲ ಎಂದರು ಮಾವ. ಅಷ್ಟು ಹಳೆಯ ಗಾಡಿಗೆ ಸಾಮಾನು ಸಿಗುವುದು ಯಾವ ಕಾಲಕ್ಕೋ. ಗುಜರಿಯಿಂದ ತಂದು ಹಾಕು ಎಂದದ್ದಕ್ಕೆ, ಯಾರ ಗಾಡಿಯಲ್ಲಿ ಎಷ್ಟು ವರ್ಷ ಬಿಸಿಲು ತಿಂದಿದೆಯೋ, ಅದನ್ನು ನಾನು ಮುಟ್ಟುವುದಿಲ್ಲ ಎಂದುಬಿಟ್ಟರು.

ಕಡೆಗೆ ಅಮ್ಮನೇ ನನ್ನನ್ನು ಕರೆದುಕೊಂಡು ಗ್ಯಾರೇಜಿಗೆ ಹೊರಟಳು. ತಮ್ಮನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತು, ಈ ವಯಸ್ಸಿನಲ್ಲಿ ನನ್ನನ್ನು ಹಿಂದೆ ಸಸಿಗಳ ಜೊತೆ ಕೂರಿಸುತ್ತೀಯೇನೋ ಎಂದು ಕೇಳಿದಳು. ಮಾವ ಸ್ಪ್ಯಾನರನ್ನು ಒರೆಸಿ ಕೆಳಗಿಟ್ಟರು. ಅವತ್ತು "ಅದಿರ್ಲಿ" ಬರಲಿಲ್ಲ.

"ಅಕ್ಕಾ, ನಾಲ್ಕು ವರ್ಷದಿಂದ ನಿನ್ನ ಕಡೆ ಏರ್‌ಬ್ಯಾಗ್ ಕೆಲಸ ಮಾಡ್ತಿಲ್ಲ. ಕೆಂಪು ದೀಪ ಉರೀತಿತ್ತು. ನಾನೇ ಆರಿಸಿದೆ."

ಏರ್‌ಬ್ಯಾಗ್ ಕೆಟ್ಟರೆ ಚಾಲಕನ ಮುಂದೆ ಒಂದು ಕೆಂಪು ದೀಪ ಹತ್ತುತ್ತದೆ. ಅದು ಹತ್ತಿದ ಗಾಡಿ ವರ್ಷದ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಆ ವರ್ಷ ಗಾಡಿ ನಿಂತರೆ ಸಸಿಗಳೆಲ್ಲ ಒಣಗಿಹೋಗುತ್ತವೆಂದು ಅಪ್ಪ ಕೈ ಹಿಡಿದು ಬೇಡಿಕೊಂಡಿದ್ದರು. ಮಾವ ಎಲ್ಲ ಸರಿಯಿದೆಯೆಂದು ದೀಪ ನಂಬುವಂತೆ ಏರ್‌ಬ್ಯಾಗಿನ ಬದಲು ತಂತಿಗಳ ನಡುವೆ ಒಂದು ಪುಟ್ಟ ರೆಸಿಸ್ಟರ್ ತುಂಡು ಸಿಕ್ಕಿಸಿದರು. ಐದು ನಿಮಿಷದ ಕೆಲಸ. ಒಂದು ತಿಂಗಳಲ್ಲಿ ಸರಿ ಮಾಡೋಣ ಎಂದುಕೊಂಡದ್ದು ಇಬ್ಬರ ಮೌನದಲ್ಲಿ ನಾಲ್ಕು ವರ್ಷವಾಯಿತು. ಅಷ್ಟು ದಿನವೂ ಸಂಜೆ ನಮ್ಮ ಗಾಡಿ ಗ್ಯಾರೇಜಿನ ಮುಂದೆ ಮರಳಿ ಹೋಗುವ ಹೊತ್ತಿಗೆ ಮಾವ ಬಾಗಿಲಿಗೆ ಬಂದು ಕೈ ಬೀಸುತ್ತಿದ್ದುದನ್ನು ನಾವು ಅಕ್ಕರೆಯೆಂದೇ ತಿಳಿದಿದ್ದೆವು. ಅದು ಅಕ್ಕರೆಯೂ ಹೌದು, ಭಯವೂ ಹೌದು.

ಅಮ್ಮ ಕೂಗಾಡಲಿಲ್ಲ. "ಹೇಳಿದ್ರೂ ನಾನು ಹತ್ತುತಿದ್ದೆ ಕಣೋ, ಸಸಿ ಒಣಗೋಕೆ ಬಿಡ್ತಿದ್ನಾ? ಆದ್ರೆ ಗೊತ್ತಿದ್ದು ಹತ್ತುತಿದ್ದೆ," ಎಂದಳು. ಸೀಟು ಕೇಳದೆ ಮನೆಗೆ ನಡೆದಳು. ಅಪ್ಪನ ಜೊತೆ ಎರಡು ವಾರ ಮಾತಿಲ್ಲ. ಹನ್ನೊಂದು ತಿಂಗಳು ಬಸ್ಸಿನಲ್ಲಿ ಓಡಾಡಿದಳು. ಸಾಮಾನು ಬಂದ ದಿನ ಮಾವ ಸೀಟನ್ನು ತಾವೇ ಹೊತ್ತು ತಂದು ಕೂರಿಸಿ, ಒಂದೊಂದು ಬೋಲ್ಟನ್ನೂ ಅವಳ ಕೈಯಲ್ಲೇ ಮುಟ್ಟಿಸಿ ತೋರಿಸಿದರು.

ಅಂದಿನಿಂದ ದೀಪ ಆರಿಸಿಕೊಡಿ ಎಂದು ಬಂದ ಪ್ರತಿಯೊಬ್ಬನಿಗೂ ಅವರದು ಒಂದೇ ಉತ್ತರ: "ಅದಿರ್ಲಿ, ಸ್ವಂತ ಅಕ್ಕನಿಗೇ ಮಾಡಿದ್ದೆ. ನಿಮಗೆ ಮಾಡಲ್ಲ." ಎಷ್ಟೋ ಗಿರಾಕಿಗಳು ಬೇರೆ ಗ್ಯಾರೇಜು ಹುಡುಕಿಕೊಂಡರು.

ಆ ಹೊಸ ಏರ್‌ಬ್ಯಾಗ್ ಒಮ್ಮೆಯೂ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಗಾಡಿ ಗುಜರಿಗೆ ಹೋಯಿತು, ಅಪ್ಪನೂ ಮಾವನೂ ಹೋದರು. ತಪ್ಪನ್ನೇ ಮಾಡದ ನಿಪುಣರನ್ನು ಲೋಕ ಹಾಡಿ ಹೊಗಳುತ್ತದೆ. ನನಗೆ ಮಾತ್ರ ಒಮ್ಮೆ ತಪ್ಪಿ, ಆ ನಾಚಿಕೆಯನ್ನು ಮುಚ್ಚಿಡದೆ, ಅದನ್ನೇ ಕಸುಬಿನ ನಿಯಮ ಮಾಡಿಕೊಂಡವರ ಮೇಲೆ ಹೆಚ್ಚು ನಂಬಿಕೆ. ಇಂಥವರಿಗೆ ಯಾರೂ ಕೈ ಮುಗಿಯುವುದಿಲ್ಲ. ಆಗದೇ ಹೋದ ಅನಾಹುತಕ್ಕೆ ಯಾರು ತಾನೇ ಕೈ ಮುಗಿದಾರು? ಅವರ ದೆಸೆಯಿಂದ ಎಷ್ಟೋ ತಾಯಂದಿರು ಎಷ್ಟೋ ಸಂಜೆ ಸುಮ್ಮನೆ ಮನೆಗೆ ಬಂದು, ಕಾಲು ತೊಳೆದು, ಒಲೆ ಹಚ್ಚಿರುತ್ತಾರೆ.