ವಫ್ರಾದ ಇಂಗ್ಲಿಷ್ ಮನೆಯೂ ನಮ್ಮ ರಾಯಪ್ಪನವರೂ

ರಾಯಪ್ಪನವರು ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಗೋಡೆಯನ್ನು. ಬಾಗಿಲು ತೆರೆದವರು ನಮಸ್ಕಾರಕ್ಕೆಂದು ಎತ್ತಿದ ಕೈ ಎತ್ತಿದಂತೆಯೇ ಇರಬೇಕು, ಇವರು ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಗೊಟ್ಟು, ತೃಪ್ತಿಯನ್ನೋ ಸಂತಾಪವನ್ನೋ ಸೂಸಿ, ಆಮೇಲೆ "ತಡೀರಿ, ತಡೀರಿ, ಚಪ್ಪಲಿ ಎಲ್ಲಿ ಬಿಡ್ಲಿ?" ಎನ್ನಬೇಕು. ಅಬು ಹಲೀಫಾದ ನಮ್ಮ ಫ್ಲ್ಯಾಟಿನ ಗೋಡೆಗೆ "ಪೊಳ್ಳು" ಎಂದು ತೀರ್ಪು ಕೊಟ್ಟಂದಿನಿಂದ ನನ್ನ ಹೆಂಡತಿ ಆಶಾಲತಾ, ಅವರು ಬಂದಾಗಲೆಲ್ಲ ಆ ಗೋಡೆಗೆ ಅಡ್ಡವಾಗಿ ಕುರ್ಚಿ ಎಳೆದಿಡುತ್ತಾಳೆ.

ಬೆಳಗಾವಿ ಸೀಮೆಯ ಈ ಸಿವಿಲ್ ಇಂಜಿನಿಯರರ ಮೈಮೇಲೆ ಕುವೈತಿನ ಬಿಸಿಲಲ್ಲೂ ಒಂದು ಕಂದು ಉಣ್ಣೆಯ ಕೋಟು. ನಡಿಗೆ ಸದಾ ಸೂರು ನೋಡುತ್ತ, ಹೀಗಾಗಿ ಅವರು ಎಡವದ ಹೊಸ್ತಿಲಿಲ್ಲ. ಹಳೆಯ ಕಟ್ಟಡವನ್ನು ಮೂಲರೂಪಕ್ಕೆ ಮರಳಿಸುವುದೆಂದರೆ ಅವರಿಗೊಂದು ವ್ರತ. ಆ ವ್ರತಕ್ಕೆ ಒಲಿದ ದೈವವೇ ಕುವೈತಿನ ದಕ್ಷಿಣ ತುದಿಯಲ್ಲಿರುವ ವಫ್ರಾದ ತೋಟವೊಂದರ ಇಂಗ್ಲಿಷ್ ಮನೆ.

ತೋಟದ ಯಜಮಾನ ಖಾಲಿದನ ಅಜ್ಜ ಇಂಗ್ಲೆಂಡಿನಲ್ಲಿ ಕಂಡ ಪುರಾತನ ರೈತಮನೆಯೊಂದಕ್ಕೆ ಮರುಳಾಗಿ, ಹಿಮ ಜಾರಲೆಂದಿರುವ ಕಡಿದಾದ ಸೂರನ್ನೂ ಹೊಗೆಗೂಡನ್ನೂ ಬಿಡದೆ, ಮರಳುಗಾಡಿನಲ್ಲಿ ಅದರ ಪಡಿಯಚ್ಚನ್ನೇ ಕಟ್ಟಿಸಿದ್ದ. ಮಗ ಬಂದು, ಅತಿಥಿಗಳು ಕೂರಲೆಂದು ಮುಂದಕ್ಕೊಂದು ದಿವಾನಿಯಾ ಜೋಡಿಸಿದ. ಪುಟ್ಟ ಕಿಟಕಿಗಳಲ್ಲಿ ಏಸಿಗಳು ಕೂತವು. ಸೊಸೆ, ಅಂದರೆ ಖಾಲಿದನ ತಾಯಿ, ಪಕ್ಕಕ್ಕೊಂದು ಅಡುಗೆಮನೆ ಅಂಟಿಸಿಕೊಂಡರು. "ಇದು ಮನಿ ಏನ್ರೀ? ಮದುವ್ಯಾಗ ಬಂದವ್ರೆಲ್ಲಾ ಒಂದೊಂದು ಆಯೇರಿ ತಂದು ಒಟ್ಟಿದಂಗ ಆಗೇತಿ!" ಎಂದು ರಾಯಪ್ಪನವರು ಮರುಗುತ್ತಿದ್ದರು.

ಅಂಟಿದ್ದನ್ನೆಲ್ಲ ಕಿತ್ತು ಅಜ್ಜನ ಮನೆಯನ್ನು ಹೊರತರೋಣವೆಂದು ಖಾಲಿದನ ತಲೆ ತುಂಬಿದವರೂ ಅವರೇ. ಮೊದಲು ಹೋಗಬೇಕಾದದ್ದು ಅಡುಗೆಮನೆ ಎಂದಾಯಿತು. ತಾಯಿ ಹೇಳಿದ್ದು ಒಂದೇ ಮಾತಂತೆ: ಅದು ಹೋದರೆ ತಾನಿನ್ನು ತೋಟಕ್ಕೆ ಕಾಲಿಡುವುದಿಲ್ಲ. "ಎಲ್ಲಾ ತಾಯಂದಿರೂ ಹಂಗ ಅಂತಾರ ಬಿಡ್ರಿ" ಎಂದು ನಮ್ಮ ವ್ರತಧಾರಿ ಕೈಕೊಡವಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಕೆಡಹುವ ಯಂತ್ರ ಬರುವ ಮುನ್ನಾದಿನ ನನ್ನನ್ನೂ ಕಾರಿಗೆ ಹಾಕಿಕೊಂಡು ಹೋದರು. ಅಡುಗೆಮನೆಯ ಹೊರಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಅಭ್ಯಾಸಬಲದಿಂದ ಟಕಟಕ ಬಡಿದರು. ಒಳಗಿನಿಂದಲೂ ಟಕಟಕ! ಬೆಚ್ಚಿದವರು ಮೂರು ಸಲ ಬಡಿದರು. ಒಳಗಿನಿಂದಲೂ ಮೂರು. ಅವರ ಆಯುಷ್ಯದಲ್ಲೇ ಗೋಡೆಯೊಂದು ಉತ್ತರ ಕೊಟ್ಟದ್ದು ಅದೇ ಮೊದಲು. ಅಷ್ಟರಲ್ಲಿ ಕಿಟಕಿ ತೆರೆದು, ಸೌಟು ಹಿಡಿದ ಖಾಲಿದನ ತಾಯಿ ಬಾಯ್ತುಂಬ ನಗುತ್ತ, "ಗೋಡೆಯನ್ನೇನು ಕೇಳುತ್ತೀ ಇಂಜಿನಿಯರ್? ಒಳಗೆ ಬಾ, ಊಟ ಮಾಡು" ಎಂದು ಅರಬ್ಬಿಯಲ್ಲಿ ಕರೆದರು.

ಮೀನಿನ ಮಚ್ಬೂಸ್, ಅಂದರೆ ಮೀನು ಮಸಾಲೆ ಬೆರೆತು ಘಮಘಮಿಸುವ ಅನ್ನ. ನಾವು ಉಣ್ಣುತ್ತಿದ್ದಂತೆ ತರಕಾರಿ ಬೆಳೆಯುವ ಹಸಿರುಮನೆಯ ಕೆಲಸಗಾರರು, ಖಾಲಿದನ ಮಕ್ಕಳು, ನೀರಿನ ಟ್ಯಾಂಕರ್ ತಂದ ಶಬೀರ್, ಬಂದವರೆಲ್ಲ ಅಡುಗೆಮನೆಯ ಬಾಗಿಲಿಂದಲೇ ಬಂದರು. ತಾಯಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಬಡಿಸಿದರು. ಅಜ್ಜನ ಚೆಂದದ ಮುಂಬಾಗಿಲ ಕಡೆ ಒಬ್ಬರೂ ಸುಳಿಯಲಿಲ್ಲ. ರಾಯಪ್ಪನವರು ಎದ್ದುಹೋಗಿ ನೋಡಿದರೆ ಅದರ ಬೀಗ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮರಳಿ ಬಂದು ಕೂತವರು ಅಡುಗೆಮನೆಯ ಬಾಗಿಲಲ್ಲಿ ಕಳಚಿಟ್ಟ ಚಪ್ಪಲಿಗಳನ್ನು ಒಂದೊಂದಾಗಿ ಎಣಿಸತೊಡಗಿದರು.

ಖಾಲಿದ್ ಬಂದೊಡನೆ ಅರಬ್ಬಿ, ಇಂಗ್ಲಿಷು ಕಲಸಿ ಹೇಳಿಯೇಬಿಟ್ಟರು: "ಕೆಡಹುವುದು ಬೇಡ. ಈ ಮನೆ ಬದುಕಿರುವುದೇ ಇಲ್ಲಿ."

ಅವನು ಸಿಡಿದ. "ಕೆಡವಬೇಕೆಂದವನು ನೀನೇ ಅಲ್ಲವೇ?"

"ಹೌದು, ನಾನೇ. ಆಗಿನ್ನೂ ಇಲ್ಲಿ ಉಂಡಿರಲಿಲ್ಲ."

ರಾಯಪ್ಪನವರಿಗೆ ಈ ಕೆಲಸ ಕೈತಪ್ಪಿತೆಂದೇ ನಾನು ಅಂದುಕೊಂಡೆ. ತಾಯಿ ಮಗನ ಮುಂದೊಂದು ತಟ್ಟೆ ಇಟ್ಟರು. ಅವನು ತಟ್ಟೆಯನ್ನು ನೋಡಿದ, ತಾಯಿಯನ್ನು ನೋಡಿದ, ನಕ್ಕುಬಿಟ್ಟ. "ಖಲಾಸ್! ಯಾರೂ ಮುಟ್ಟಬೇಡಿ." ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ರಾಯಪ್ಪನವರೇ, "ಎಂಥಾ ಹುಂಬ ಇದ್ದೆನ್ರೀ ನಾನು!" ಎಂದು ನನ್ನ ಬೆನ್ನಿಗೊಂದು ಗುದ್ದಿ, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು. ನನಗೋ ಅವರನ್ನು ತಬ್ಬಿಕೊಳ್ಳುವಷ್ಟು ಸಂತೋಷ.

ಗೋಡೆ ಕೆಡಹುವುದಕ್ಕೆ ಯಂತ್ರಗಳಿವೆ. ತಾನೇ ಕಟ್ಟಿ, ನಾಲ್ಕು ಜನರಿಗೆ ತೋರಿಸಿ ಮೆರೆದ ಅಭಿಪ್ರಾಯವನ್ನು ತುಂಬಿದ ಮನೆಯಲ್ಲಿ ತಾನೇ ಕೆಡವಿ, ಅದರ ಧೂಳಿನಲ್ಲೇ ಕೂತು ಎರಡನೆಯ ಸಲ ಬಡಿಸಿಕೊಂಡು ಉಣ್ಣಬಲ್ಲ ಜನರಿದ್ದಾರಲ್ಲ, ಅಂಥವರ ಸಂತತಿ ಸಾವಿರವಾಗಲಿ.