ಆಲೂಗಡ್ಡೆ ಕಟ್ಟಿದ ತಂತಿ

ನನ್ನ ಗಂಡನನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಕಹಳೆ ಎಂದೇ ಕರೆಯುತ್ತಿದ್ದರು. ತರಕಾರಿ ಹರಾಜು ಕೂಗುವುದು ಅವರ ಕೆಲಸ. "ಒಂದನೇ ಸಲ, ಎರಡನೇ ಸಲ" ಎಂದು ಚಕಚಕನೆ ಮುಗಿಸಿ, "ಮೂರನೇ ಸಲಾ..." ಎಂದು ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆಯುತ್ತಿದ್ದರು. ಅವರು ಎಳೆದು ಮುಗಿಸುವಷ್ಟರಲ್ಲಿ ಯಾವನೋ ವ್ಯಾಪಾರಿ ಮನಸ್ಸು ಬದಲಿಸಿ ಕೈ ಎತ್ತಿರುತ್ತಿದ್ದ.

ಮನೆಗೆ ಬಂದರೂ ಅದೇ ಗಂಟಲು. ಮೂರನೇ ಮಹಡಿಯಲ್ಲಿರುವ ನನ್ನನ್ನು ಕೆಳಗೆ ಗೇಟಿನಿಂದಲೇ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಬಾಲ್ಕನಿಯಿಂದ ಗೇಟಿನ ಬೀಗದ ಕೈ ಎಸೆಯಬೇಕು, ಅವರು ಹಿಡಿಯಬೇಕು. ನನ್ನ ಹೆಸರು ಗೊತ್ತಿಲ್ಲದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. "ಮೆಲ್ಲಗೆ ಕೂಗಿದ್ರೆ ಗಂಟು ಹೋಗುತ್ತಾ?" ಎಂದು ನಾನು ದಿನಾ ಗೊಣಗುತ್ತಿದ್ದೆ.

ಆಮೇಲೆ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದವರು ಗೋಡೆಗೆ ಮುಖ ಮಾಡಿ ಕೂತರು. ಬರೆದು ತೋರಿಸಲಿ ಎಂದು ಒಂದು ಸ್ಲೇಟು ತಂದುಕೊಟ್ಟೆ. "ನೀರು", "ಸಾಕು", "ಬೇಡ" ಇಷ್ಟೇ ಬರೆಯುತ್ತಿದ್ದರು. ಮಾರುಕಟ್ಟೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗೋಡೆ ಗಡಿಯಾರದ ಮೇಲೆ ನನಗೆ ಕೋಪ ಬರತೊಡಗಿತು.

ಇದೆಲ್ಲದರ ಮೇಲೆ ನಾದಿನಿಯ ಫೋನು. ಇವರ ಒಬ್ಬಳೇ ತಂಗಿ, ದೂರದ ಬಂದರು ಊರಿನಲ್ಲಿ ವಿಜ್ಞಾನದ ಟೀಚರು. ಅವಳಿಗೆ ವಿಷಯ ತಿಳಿಸಕೂಡದೆಂದು ಇವರು ಸ್ಲೇಟಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ತಂಗಿಯ ಅಳು ಕೇಳಿಸಿಕೊಂಡು, ಸುಮ್ಮನಿರೇ ಎನ್ನಲೂ ಆಗದೆ ಕೂರಬೇಕಲ್ಲ, ಅದು ಅವರಿಗೆ ಬೇಡವಾಗಿತ್ತು. ಹಾಗಾಗಿ ಸುಳ್ಳು ಹೇಳುವ ಪಾಳಿ ನನ್ನದು. ಅವಳು ಫೋನು ಮಾಡಿದಾಗಲೆಲ್ಲ ಅಣ್ಣ ಸ್ನಾನಕ್ಕೆ ಹೋಗಿರುತ್ತಿದ್ದ.

"ಅತ್ತಿಗೆ, ಇಷ್ಟು ಸ್ನಾನ ಮಾಡಿದ್ರೆ ಅಣ್ಣನ ಬಣ್ಣ ಉಳಿಯುತ್ತಾ?" ಎಂದಳು ಒಂದು ದಿನ. ನಗುತ್ತಿದ್ದಳು, ಆದರೆ ನಗು ಸರಿ ಇರಲಿಲ್ಲ.

ನನಗೂ ಸಾಕಾಗಿತ್ತು. "ಅವರಿಗೆ ಮತ್ತೆ ರೇಡಿಯೋ ಹುಚ್ಚು ಹಿಡಿದಿದೆ ಕಣೇ. ಭಾನುವಾರ ಮಧ್ಯಾಹ್ನ ಅದರಲ್ಲೇ ಸಿಗ್ತಾರೆ, ಕಾಯ್ತಿರು" ಎಂದುಬಿಟ್ಟೆ. ಬಾಯಿಂದ ಬಿದ್ದದ್ದು ಸುಳ್ಳೇ. ಆದರೆ ಅದು ಪೂರ್ತಿ ಸುಳ್ಳಾಗಬೇಕಾಗಿಯೂ ಇರಲಿಲ್ಲ.

ನನ್ನ ಮಾವ ಹಡಗಿನಲ್ಲಿ ರೇಡಿಯೋ ಕೆಲಸದವರು. ಅಣ್ಣ ತಂಗಿ ಇಬ್ಬರಿಗೂ ಚಿಕ್ಕಂದಿನಲ್ಲೇ ಮೋರ್ಸ್ ಸಂಕೇತ ಕಲಿಸಿದ್ದರು. ಅಕ್ಷರಕ್ಕಿಷ್ಟು ಗಿಡ್ಡ ಸದ್ದು, ಇಷ್ಟು ಉದ್ದ ಸದ್ದು. ಊಟದ ತಟ್ಟೆ ಬಡಿದೇ ಜಗಳವಾಡುತ್ತಿದ್ದರಂತೆ. ಇಬ್ಬರೂ ಹವ್ಯಾಸಿ ರೇಡಿಯೋದ ಪರವಾನಗಿ ಪಡೆದವರು. ತಂಗಿ ಬಿಡದೆ ನಡೆಸಿಕೊಂಡು ಬಂದಳು. ಅಣ್ಣ ಪರವಾನಗಿಯನ್ನು ನವೀಕರಿಸುತ್ತಿದ್ದರೇ ಹೊರತು ರೇಡಿಯೋ ಮುಟ್ಟುತ್ತಿರಲಿಲ್ಲ. ಅಂಥ ಗಂಟಲಿದ್ದವರಿಗೆ ಬೆರಳಿನ ಹಂಗೇಕೆ? ಅವಳು ಉಡುಗೊರೆ ಕಳಿಸಿದ್ದ ಪುಟ್ಟ ಸೆಟ್ಟು ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಗೇ ಇತ್ತು.

ಅದನ್ನು ತಂದು ಅವರ ಮಡಿಲಲ್ಲಿಟ್ಟೆ. ಮಾಡಿದ ಘನಕಾರ್ಯವನ್ನೂ ಹೇಳಿದೆ. ಮುಖ ಕೆಂಪಾಯಿತು. "ಯಾಕೆ ಹೇಳಿದೆ?" ಎಂದು ಸ್ಲೇಟು ಮುರಿಯುವ ಹಾಗೆ ಬರೆದರು.

"ಹೇಳಿ ಆಯ್ತು. ಈಗ ಅವಳು ಕಾಯ್ತಾ ಕೂತಿರ್ತಾಳೆ. ಕಾಯಿಸಿ ಬೇಕಾದ್ರೆ" ಎಂದು ಅಡುಗೆಮನೆಗೆ ಹೋದೆ.

ಸ್ವಲ್ಪ ಹೊತ್ತಿಗೆ ಡಬ್ಬ ಬಿಚ್ಚುವ ಸದ್ದು ಕೇಳಿತು.

ಊಟದ ಡಬ್ಬಿಯಷ್ಟಗಲದ ಸೆಟ್ಟು ಅದು. ಮಲಗುವ ಕೋಣೆಯ ಸಣ್ಣ ದೀಪವೂ ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಅಂಥದ್ದರ ಮಾತು ದೂರ ಹೋಗಬೇಕಾದರೆ ಒಂದು ತಂತಿಯನ್ನು ಎತ್ತರಕ್ಕೆ ಕಟ್ಟಬೇಕು. ತಾರಸಿಯ ಮೇಲೆ ಯಾರೂ ತಂತಿ ಕಟ್ಟಕೂಡದೆಂದು ನಮ್ಮ ಕಟ್ಟಡದ ಕಾರ್ಯದರ್ಶಿ ಬೋರ್ಡೇ ಹಾಕಿದ್ದ. ಹಾಗಾಗಿ ಬಾಲ್ಕನಿಯ ಕಂಬಿಯ ಉದ್ದಕ್ಕೆ, ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲೇ ಕಟ್ಟಿದೆವು.

ಭಾನುವಾರ ಮಧ್ಯಾಹ್ನ ಸೆಟ್ಟಿನಿಂದ ಕುಂಯ್ ಕುಂಯ್ ಎಂದು ಸದ್ದು ಬಂತು. ಇವರ ಬೆನ್ನು ನೆಟ್ಟಗಾಯಿತು. "ಅವಳೇ" ಎಂದು ಬರೆದು ತೋರಿಸಿದರು. ಆ ಕಣ್ಣಲ್ಲಿ ಬೆಳಕು ನೋಡಿ ಎಷ್ಟು ದಿನವಾಗಿತ್ತೋ! ಸೆಟ್ಟಿನ ಮೋರ್ಸ್ ಕೀ ಒತ್ತಿ ಉತ್ತರಿಸಿದರು. ಅವಳು ಮತ್ತೆ ಕರೆದಳು. ಮತ್ತೆ ಉತ್ತರಿಸಿದರು. ಅವಳು ಏನೂ ಕೇಳಿಸದವಳಂತೆ ಮತ್ತೆ ಅದನ್ನೇ ಕರೆದಳು. ಅವಳ ಬಳಿ ಇದ್ದದ್ದು ದೊಡ್ಡ ಸೆಟ್ಟು, ಅವಳದು ಇವರಿಗೆ ಮುಟ್ಟುತ್ತಿತ್ತು. ಇವರದು ಅವಳಿಗೆ ಮುಟ್ಟುತ್ತಿರಲಿಲ್ಲ. ಕೊನೆಗೆ ಅವಳು ಕರೆಯುವುದನ್ನು ನಿಲ್ಲಿಸಿದಳು. ಇವರು ಕೀಯನ್ನು ಪಕ್ಕಕ್ಕೆ ತಳ್ಳಿ ಮತ್ತೆ ಗೋಡೆಯತ್ತ ತಿರುಗಿದರು. ಮನುಷ್ಯನೊಬ್ಬ ಎಷ್ಟು ಸಲ ಮೂಗನಾಗಬೇಕು?

ನಾದಿನಿಗೆ ಫೋನು ಮಾಡಿದೆ.

"ಏನೂ ಕೇಳಲಿಲ್ಲ ಅತ್ತಿಗೆ. ವೈರು ಎಲ್ಲಿ ಕಟ್ಟಿದ್ರಿ?"

"ಬಾಲ್ಕನಿ ಕಂಬಿಗೆ."

"ಕಬ್ಬಿಣದ ಕಂಬೀನಾ? ಅಯ್ಯೋ, ಅದು ಎಲ್ಲಾ ನುಂಗಿ ನೀರು ಕುಡಿಯುತ್ತೆ. ಬಯಲಿಗೆ ಹೋಗಿ. ಮರದ ಮೇಲೆ ಎಸೀರಿ. ಗಿಡ್ಡ ವೈರೇ ಸಾಕು, ಐದಾರು ಮಾರು. ಎತ್ತರದಲ್ಲಿರಬೇಕು ಅಷ್ಟೆ. ಮುಂದಿನ ಭಾನುವಾರ ಮತ್ತೆ ಕರೀತೀನಿ. ಅಣ್ಣಂಗೆ ಇದೆಲ್ಲ ಗೊತ್ತಲ್ವಾ? ಯಾಕೆ, ಅವನು ಹುಷಾರಾಗಿದ್ದಾನೆ ತಾನೆ?"

"ಸ್ನಾನಕ್ಕೆ ಹೋಗಿದಾರೆ" ಎಂದು ಫೋನಿಟ್ಟೆ.

ನಮ್ಮ ಸುತ್ತಮುತ್ತ ಎತ್ತರದ ಮರವೆಂದರೆ ಒಂದೇ, ಮಾರುಕಟ್ಟೆಯ ಅಂಗಳದ ಮೂಲೆಯಲ್ಲಿ. ಮುಂದಿನ ಭಾನುವಾರ ಅಲ್ಲಿಗೆ ಹೊರಡೋಣವೆಂದೆ. ಸ್ಲೇಟಿನ ತುಂಬ "ಬೇಡ" ಎಂದು ಬರೆದರು. ಹಮಾಲರು ನೋಡುತ್ತಾರೆ, ಮಾತಾಡಿಸುತ್ತಾರೆ.

"ಮಾರುಕಟ್ಟೆಗೆ ರಜೆ, ಅಲ್ಲಿ ನರಪಿಳ್ಳೆ ಇರಲ್ಲ" ಎಂದು ಸೆಟ್ಟು, ತಂತಿ, ನೈಲಾನ್ ದಾರ ಎಲ್ಲ ಚೀಲಕ್ಕೆ ತುಂಬಿ ನಾನೇ ಮುಂದೆ ನಡೆದೆ. ಬಂದರೆ ಬರಲಿ ಎಂದು ಹಿಂದೆ ತಿರುಗಿ ನೋಡಲಿಲ್ಲ. ಬಂದರು.

ದಾರವನ್ನು ಕೊಂಬೆಯ ಮೇಲಿಂದ ದಾಟಿಸಲು ತುದಿಗೆ ಭಾರ ಬೇಕಿತ್ತು. ತಗಡಿನ ಶೆಡ್ಡಿನ ಕೆಳಗೆ ಒಂದು ಆಲೂಗಡ್ಡೆ ಬಿದ್ದಿತ್ತು, ಅದಕ್ಕೇ ಕಟ್ಟಿದೆವು. ಇವರು ಎಸೆದದ್ದು ಶೆಡ್ಡಿನ ತಗಡಿಗೆ ಬಿದ್ದು ಡಬ್ ಎಂದಿತು. ಎರಡನೆಯದು ಅವರ ತಲೆಯ ಮೇಲೇ ಬಿತ್ತು. ಸದ್ದು ಕೇಳಿ ಹಮಾಲರ ಮೇಸ್ತ್ರಿ ಗೋದಾಮಿನಿಂದ ಹೊರಗೆ ಬಂದ. ನರಪಿಳ್ಳೆ ಇರಲ್ಲ ಎಂದ ನನ್ನನ್ನು ಇವರು ಸುಟ್ಟುಬಿಡುವ ಹಾಗೆ ನೋಡಿದರು.

"ಏನಕ್ಕಾ, ಮರದಲ್ಲಿ ಆಲೂಗಡ್ಡೆ ಬೆಳೆಸ್ತಿದ್ದೀರಾ?" ಎಂದ ಮೇಸ್ತ್ರಿ. ಆಮೇಲೆ ಇವರನ್ನು ನೋಡಿದ. ವಿಷಯ ಅವನಿಗೆ ಗೊತ್ತಿತ್ತು. ಅಯ್ಯೋ ಪಾಪ ಎನ್ನಲಿಲ್ಲ, ಪುಣ್ಯಾತ್ಮ. "ಹರಾಜು ಕೂಗೋರ ಕೈಲಿ ಎಸೆಯೋಕಾಗುತ್ತಾ ಯಜಮಾನ್ರೇ? ಕೊಡಿ ಇಲ್ಲಿ" ಎಂದ.

"ನೀನೂ ಬೇಡ" ಎಂದು ನಾನೇ ಕಿತ್ತುಕೊಂಡೆ. ಇಷ್ಟು ವರ್ಷ ಬಾಲ್ಕನಿಯಿಂದ ಬೀಗದ ಕೈ ಎಸೆದ ಕೈ ಇದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಸಿದೆ. ಆಲೂಗಡ್ಡೆ ಮೇಲಿನ ಕೊಂಬೆಯನ್ನು ದಾಟಿ ಆಚೆ ಕಡೆ ಇಳಿಯಿತು. ಮೇಸ್ತ್ರಿ ಸಿಳ್ಳೆ ಹಾಕಿದ. ದಾರ ಎಳೆದಂತೆ ತಂತಿ ಮೇಲೇರಿತು.

ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಇವರು ಕೂತರು. ತೊಡೆಯ ಮೇಲೆ ಸ್ಲೇಟು. ಅವಳ ಕರೆ ಬಂತು. ಇವರು ಒತ್ತಿದರು, ನಿಲ್ಲಿಸಿದರು.

ಸೆಟ್ಟು ಒಮ್ಮೆಲೇ ಪಟಪಟನೆ ಮಾತಾಡತೊಡಗಿತು. ಇವರು ಒಂದೊಂದೇ ಅಕ್ಷರ ಬರೆದರು: "ಅಣ್ಣಾ".

ಆಮೇಲೆ ಇವರು ಬಹಳ ಹೊತ್ತು ಒತ್ತಿದರು. ನಡುವೆ ಒಮ್ಮೆ ಕೈ ಗಂಟಲಿಗೆ ಹೋಗಿ ಬಂತು. ಏನು ಹೇಳುತ್ತಿದ್ದಾರೆಂದು ನನಗೆ ಅರ್ಥವಾಯಿತು. ಒತ್ತುವುದು ನಿಂತ ಮೇಲೆ ಆ ಕಡೆಯಿಂದ ಏನೂ ಬರಲಿಲ್ಲ. ಮೇಸ್ತ್ರಿಯೂ ಬೀಡಿ ಹಚ್ಚುವುದನ್ನು ಮರೆತು ನಿಂತಿದ್ದ. ಅಳುತ್ತಿರುತ್ತಾಳೆ, ಎಲ್ಲ ನನ್ನಿಂದ ಆಯಿತು ಎಂದುಕೊಂಡೆ.

ಕೊನೆಗೆ ಸದ್ದು ಬಂತು, ನಿಧಾನವಾಗಿ. ಇವರು ಬರೆದರು, ನಾನು ಭುಜದ ಹಿಂದಿನಿಂದ ಓದಿದೆ.

"ಅಷ್ಟು ಸ್ನಾನ ಆದಾಗಲೇ ಅನುಮಾನ ಇತ್ತು." ಸ್ವಲ್ಪ ತಡೆದು, "ದನಿ ಹೋಯ್ತು ಅಂತ ಯಾರು ಹೇಳಿದ್ದು? ನೀನು ಗುರುತು ಹೇಳಿ ಮುಗಿಸೋ ಮೊದಲೇ ನೀನೇ ಅಂತ ಗೊತ್ತಾಯ್ತು. ಕೊನೇದನ್ನ ಇನ್ನೂ ಹಾಗೇ ಎಳೀತೀಯ."

ಬಳಪ ಅಲ್ಲೇ ನಿಂತಿತು. ಅವರ ಭುಜ ಕುಲುಕುತ್ತಿತ್ತು. ನಾನೂ ಅತ್ತೆ, ಮುಚ್ಚಿಟ್ಟುಕೊಳ್ಳಲಿಲ್ಲ. ಆಮೇಲೆ ಅವರು ಮತ್ತೆ ಒತ್ತಲು ಶುರು ಮಾಡಿದಾಗ ಕಿವಿಗೊಟ್ಟು ಕೇಳಿದೆ. ನನಗೆ ಮೋರ್ಸಿನ ಒಂದಕ್ಷರವೂ ಬರದು. ಆದರೂ ಕೇಳಿಸಿತು. ಚಕಚಕನೆ ಓಡಿ ಓಡಿ, ಪ್ರತಿ ಮಾತಿನ ಕೊನೆಯಲ್ಲಿ ಒಂದು ಎಳೆತ.

"ಅಕ್ಕಾ, ಇದು ನಮ್ಮ ಮೂರನೇ ಸಲ ಅಲ್ವಾ?" ಎಂದ ಮೇಸ್ತ್ರಿ.

ಆ ವಾರ ನಾನು ಅಡುಗೆಮನೆಯಲ್ಲಿದ್ದಾಗ ನಡುಮನೆಯಿಂದ ಸ್ಟೀಲಿನ ಲೋಟ ಬಡಿಯುವ ಸದ್ದು ಬಂತು. ಹೊರಗೆ ಬಂದು "ನೀರು ಬೇಕಾ?" ಎಂದೆ. ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಅದನ್ನೇ ಬಡಿದರು, ಕೊನೆಯಲ್ಲಿ ಚಮಚವನ್ನು ಲೋಟದ ಅಂಚಿಗೆ ಎಳೆದು. "ಏನ್ರೀ ಅದು?" ಎಂದೆ. ಸ್ಲೇಟು ಎತ್ತಿಕೊಂಡು ನನ್ನ ಹೆಸರು ಬರೆದರು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಈಗ ಬೆಳಗಿನಿಂದ ಸಂಜೆವರೆಗೂ ಲೋಟ ಬಡಿಯುತ್ತಾರೆ. ಕೆಳಗಿನ ಮಹಡಿಯವರು ಒಮ್ಮೆ ಬಂದು ಇದೇನು ಗಲಾಟೆ ಎಂದು ಕೇಳಿಯೂ ಹೋದರು. "ಬಂದೆ ರೀ, ಬಂದೆ. ಮೂರನೇ ಸಲದವರೆಗೆ ಕಾಯೋಕಾಗಲ್ವಾ?" ಎಂದು ನಾನು ಒಳಗಿನಿಂದಲೇ ಗದರುತ್ತೇನೆ. ಆದರೆ ಮೂರನೇ ಸಲ ಬಡಿಯುವವರೆಗೂ ಏಳುವುದಿಲ್ಲ.