ಲಾರಿಯ ನಾಲ್ಕನೆಯ ಭಾಗ

ಲಾರಿಯ ಮೂತಿಯಿಂದ ಬಾಲದವರೆಗೆ ಎಳೆದಿದ್ದ ಅಳತೆ ಟೇಪನ್ನು ಮಗಳು ಕಿತ್ತುಕೊಂಡು ಕಾಂಪೌಂಡಿನಾಚೆ ಎಸೆದಳು.

"ಇನ್ನೊಂದ್ಸಲ ಇದನ್ನ ಮುಟ್ಟಿದ್ರೆ ನಿಮ್ಮನ್ನೂ ಅಲ್ಲಿಗೇ ಎಸೀತೀನಿ," ಎಂದಳು.

ಲಾಡ್ಜಿನ ಮಾಲೀಕ ಎರಡು ಹೆಜ್ಜೆ ಹಿಂದೆ ಸರಿದ. ಸಾವಿನ ಮನೆಗೆ ಬಂದವನು ಸತ್ತವನ ಮುಖ ನೋಡುವ ಮೊದಲು ಲಾರಿಯ ಉದ್ದ ಅಳೆಯಲು ನಿಂತಿದ್ದ. ಅವನನ್ನು ಕರೆತಂದಿದ್ದ ಅವಳ ಅಣ್ಣ ಇಬ್ಬರ ನಡುವೆ ಬಂದ.

"ಮೆಲ್ಲಗೆ ಮಾತಾಡೇ. ಒಳಗೆ ಜನ ಇದ್ದಾರೆ."

"ಒಳಗೆ ಅಪ್ಪನೂ ಇದ್ದಾನೆ. ಅವನಿನ್ನೂ ಮನೆ ಬಿಟ್ಟು ಹೊರಟಿಲ್ಲ, ಅಷ್ಟರಲ್ಲೇ ಗಿರಾಕಿ ಕರ್ಕೊಂಡು ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ನಾನೇನು ಹೊಸದಾಗಿ ಶುರು ಮಾಡಿದ್ನಾ? ಎರಡು ವರ್ಷದಿಂದ ಅಪ್ಪನೇ ಹುಡುಕ್ತಿರಲಿಲ್ವಾ? ಅವನಿಗೆ ಸಿಗಲಿಲ್ಲ, ನಂಗೆ ಸಿಕ್ಕಿದ್ದಾರೆ. ಇವರು ನಾಳೆ ಊರು ಬಿಟ್ರೆ ಇನ್ನು ಬರೋದು ಯಾವಾಗಲೋ."

"ತಗೊಂಡು ಹೋಗಿ ಏನು ಮಾಡ್ತಾರಂತೆ?"

ಮಾಲೀಕನಿಗೆ ಇದು ಒಳ್ಳೆಯ ಪ್ರಶ್ನೆ ಅನ್ನಿಸಿತು. "ಲಾಡ್ಜಿನ ಬಾಗಿಲ ಮುಂದೆ ನಿಲ್ಲಿಸ್ತೀನಮ್ಮ. ಹಿಂದೆ ಮಣ್ಣು ತುಂಬಿ ಹೂವಿನ ಗಿಡ ಹಾಕಿಸ್ತೀನಿ. ಎಂಜಿನ್ ಕಿತ್ತುಹಾಕಿಸಿ ಬಿಡ್ತೀನಿ, ಎಣ್ಣೆ ಸೋರಬಾರದು ನೋಡಿ. ಬಂದೋರೆಲ್ಲ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಳ್ತಾರೆ."

"ಹಾಗಾದ್ರೆ ನಮ್ಮಪ್ಪನನ್ನೂ ಒಯ್ದುಬಿಡಿ. ಹೊಟ್ಟೆ ಬಗೆದು ಅಲ್ಲೂ ಎರಡು ಗಿಡ ನೆಡಿ."

ಆದರೂ ಮಾಲೀಕನದು ವ್ಯಾಪಾರದವನ ನಾಲಿಗೆ, ಸುಮ್ಮನಿರಲಿಲ್ಲ. "ಸ್ಟೀರಿಂಗ್ ಬೇರೆ ಇಲ್ಲ. ಅದಕ್ಕೆ ನಾನೇನೂ ಅನ್ನಲಿಲ್ಲ," ಎಂದು ಅಣ್ಣನ ಕಿವಿಯಲ್ಲಿ ಗೊಣಗಿದ.

ಅವಳು ತಿರುಗಿ ನೋಡಿದಳು. ವರ್ಷದಿಂದ ಲಾರಿಯ ಮೇಲಿದ್ದ ಟಾರ್ಪಾಲನ್ನು ಅಣ್ಣ ಬೆಳಿಗ್ಗೆಯಷ್ಟೇ ಎಳೆದುಹಾಕಿದ್ದ. ಡ್ರೈವರ್ ಸೀಟಿನ ಮುಂದೆ ಬರೀ ಕಬ್ಬಿಣದ ಕೋಲು ನಿಂತಿತ್ತು. ಅದರ ತುದಿಯಲ್ಲಿರಬೇಕಾದ ಮರದ ಚಕ್ರವಿರಲಿಲ್ಲ. ಮುಂದೆ ಬಗ್ಗಿ ನೋಡಿದರೆ, ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲೂ ಇರಲಿಲ್ಲ.

"ಕದ್ದಿದ್ದಾರೆ," ಎಂದಳು. "ಅಪ್ಪ ಹಾಸಿಗೆ ಹಿಡಿದಾಗ ನೋಡಿ ಯಾರೋ ಕದ್ದಿದ್ದಾರೆ. ಸಿಕ್ಕಲಿ ನನ್ನ ಕೈಗೆ."

"ಈಗ ಬಂತಾ ಜ್ಞಾನೋದಯ," ಎಂದ ಅಣ್ಣ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಎದುರುಗಡೇನೇ ಅಂಗಡಿ ಇಟ್ಕೊಂಡು ಕೂತಿದ್ದೀಯ, ಒಂದು ದಿನ ಬಂದು ಬಾನೆಟ್ ಎತ್ತಿ ನೋಡಿದ್ಯಾ?"

ನೋಡಿರಲಿಲ್ಲ. ಅದು ನಿಜವಾದ್ದರಿಂದಲೇ ಅವಳಿಗೆ ಮೈಯೆಲ್ಲ ಉರಿಯಿತು.

*

ಊರಿನವರು ಆ ಲಾರಿಯನ್ನು ಮುದುಕಿ ಎನ್ನುತ್ತಿದ್ದರು, ಅಪ್ಪನನ್ನು ಲಾರಿ ಮಾಮ ಎನ್ನುತ್ತಿದ್ದರು. ಅಪ್ಪ ದೊಡ್ಡ ಹೊಲದ ಯಜಮಾನರೊಬ್ಬರ ಬಳಿ ಡ್ರೈವರಾಗಿದ್ದ. ಅವರು ಹೊಸ ಲಾರಿ ತಂದ ದಿನ, ಹಳೆಯದನ್ನು ಗುಜರಿಗೆ ಹಾಕಿ ಬಾ ಎಂದು ಕಳಿಸಿದರು. ಗುಜರಿಗೆಂದು ಹೊರಟವನು ಅರ್ಧ ದಾರಿಯಲ್ಲಿ ತಿರುಗಿಸಿಕೊಂಡು ಮನೆಗೆ ಬಂದ. ಯಜಮಾನರು ಕೇಳಿದಾಗ, "ಗುಜರಿಯವನು ನಾನೇ, ಸ್ವಾಮಿ," ಎಂದನಂತೆ. ಆಮೇಲೆ ಮೂವತ್ತೆಂಟು ವರ್ಷ ಆಲೂಗಡ್ಡೆ, ಈರುಳ್ಳಿ, ಹುಲ್ಲು, ಊರವರ ಮನೆಸಾಮಾನು ಎಲ್ಲವನ್ನೂ ಅದರಲ್ಲೇ ಹೊತ್ತ. ಎತ್ತರದ ರಸ್ತೆ ಬಂದರೆ ಲಾರಿಗಿಂತ ಮೊದಲು ಅವನಿಗೇ ಏದುಸಿರು ಬರುತ್ತಿತ್ತು.

ಏಳು ವರ್ಷದವಳಿದ್ದಾಗಿನಿಂದ ಮಗಳ ಕೆಲಸ ದೀಪ ಹಿಡಿಯುವುದು. ಅಪ್ಪ ಲಾರಿಯಡಿ ಮಲಗಿ ಕೈ ಚಾಚಿದರೆ ಹನ್ನೆರಡನೇ ನಂಬರಿನ ಸ್ಪ್ಯಾನರೋ ಹದಿನಾಲ್ಕರದೋ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಆ ಕೈಗಳೇ ಮುಂದೆ ತಾಮ್ರದ ತಂತಿ ಹಿಡಿದವು. ಮನೆಯೆದುರು ಮೋಟಾರು ವೈಂಡಿಂಗಿನ ಅಂಗಡಿ ಹಾಕಿದಳು. ಸುಟ್ಟುಹೋದ ಪಂಪು, ಫ್ಯಾನು, ಗಿರಣಿ ಮೋಟಾರು, ಯಾವುದೇ ಬರಲಿ, ಹಳೆಯ ತಂತಿ ಬಿಚ್ಚಿ ಹೊಸದನ್ನು ಸುತ್ತಿ ಕೊಡುತ್ತಿದ್ದಳು. ಸುತ್ತಮುತ್ತ ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಅಪ್ಪನ ಮಂಡಿ ಸೋತು, ಕ್ಲಚ್ ಒತ್ತಲು ಆಗದಾದಾಗ, ಅವನು ಮುದುಕಿಗೆ ಹೊಸ ಒಡೆಯನನ್ನು ಹುಡುಕಲು ಶುರು ಮಾಡಿದ. "ಮಾರಾಟಕ್ಕಿಲ್ಲ, ಕೊಡೋದಕ್ಕಿದೆ," ಎಂದು ಸಿಕ್ಕವರಿಗೆಲ್ಲ ಹೇಳಿದ. ದೂರದೂರದಿಂದ ಜನ ಬಂದರು. ಬಾಗಿಲು ದಬ್ಬೆಂದು ಹಾಕಿದ ಅಂತ ಒಬ್ಬನನ್ನು ಅಟ್ಟಿದ. ಎಂಜಿನ್ ನೋಡುವ ಮೊದಲು ಕನ್ನಡಿಯಲ್ಲಿ ತಲೆ ಬಾಚಿಕೊಂಡ ಅಂತ ಇನ್ನೊಬ್ಬನನ್ನು. ಮಗಳಿಗೆ ಗಂಡು ನೋಡುವಾಗಲೂ ಅವನು ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ಆ ಸಂಬಂಧ ಅಷ್ಟು ಬೇಗ ಮುರಿದು ಅವಳು ತವರಿಗೆ ಬರುತ್ತಲೂ ಇರಲಿಲ್ಲ.

ಬಂದವರನ್ನೆಲ್ಲ ಅವಳು ಅಂಗಡಿಯಲ್ಲಿ ಕೂತು ನೋಡುತ್ತಿದ್ದಳು. ದಾರಿಹೋಕರನ್ನೆಲ್ಲ ಕರೆದು ಕೇಳುವ ಅಪ್ಪ ಇಪ್ಪತ್ತು ಹೆಜ್ಜೆ ನಡೆದು ಬಂದು, ನಿನಗೆ ಬೇಕೇನೇ ಎಂದು ಒಂದು ಮಾತು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಎಂದುಕೊಂಡಳು. ಬಾಯಿಬಿಟ್ಟು ತಾನೇ ಕೇಳುವಷ್ಟು ಚಿಕ್ಕವಳೂ ಆಗಲಿಲ್ಲ. ಅವನು ಕರೆಯುವ ತನಕ ಆ ಲಾರಿಯ ಬಾನೆಟ್ ಎತ್ತುವುದಿಲ್ಲ ಎಂದು ಹಟ ಹಿಡಿದಳು. ಎರಡು ವರ್ಷ ಎತ್ತಲಿಲ್ಲ.

ನಡುವೆ ಒಂದು ದಿನ ಅಪ್ಪ ಕುಂಟುತ್ತ ಅಂಗಡಿಗೆ ಬಂದಿದ್ದ. ಕಂಕುಳಲ್ಲಿ ಗೋಣಿಚೀಲದ ಗಂಟು.

"ಇದನ್ನ ನೋಡು. ಒಳಗಿನ ತಂತಿ ಸುಟ್ಟಿದೆ."

ಅವಳು ತಲೆಯೆತ್ತಲಿಲ್ಲ. ಊರವರ ಕೆಟ್ಟ ಪಂಪು, ಮಿಕ್ಸರುಗಳನ್ನು ಹೊತ್ತು ತಂದು, "ಪಾಪ, ಬಡವರು, ಮಾಡಿಕೊಡು," ಎನ್ನುವುದು ಅವನ ಚಾಳಿ. ಅದಕ್ಕಾಗಿಯೇ ಮೇಜಿನ ಕೆಳಗೆ ಒಂದು ಜಾಗವಿತ್ತು. ಅಪ್ಪನ ಮೂಲೆ ಎಂದು ಅದರ ಹೆಸರು.

"ಯಾರದ್ದು?"

"ನಮ್ಮೋರದ್ದೇ."

"ನಿಂಗೆ ಊರೆಲ್ಲ ನಮ್ಮೋರೇ. ಇಟ್ಟು ಹೋಗು."

"ನಿಧಾನಕ್ಕೇ ಮಾಡು. ಆದ್ರೆ ನೀನೇ ಮಾಡು, ಕೆಲಸದವನ ಕೈಗೆ ಕೊಡಬೇಡ."

ರಿಪೇರಿಗೆ ಬಂದದ್ದಕ್ಕೆಲ್ಲ ಚೀಟಿ ಕಟ್ಟುವುದು ಅಂಗಡಿಯ ಪದ್ಧತಿ. ಏನೋ ಗೀಚಿ ಕಟ್ಟಿ, ಗಂಟನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. ಆಮೇಲೆ ಅವನು ಎರಡು ಸಲ ಅಂಗಡಿಗೆ ಬಂದು, "ಅದು ಆಯ್ತೇನೇ?" ಎಂದು ಕೇಳಿದ. ಎರಡು ಸಲವೂ ಅವಳು, "ಪುರುಸೊತ್ತಿಲ್ಲ," ಎಂದಳು. ಮೂರನೆಯ ಸಲ ಅವನು ಕೇಳಲಿಲ್ಲ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಲಾಡ್ಜಿನ ಮಾಲೀಕ ಅಂಗಳದ ಕುರ್ಚಿಯಲ್ಲಿ ಇನ್ನೂ ಕೂತೇ ಇದ್ದ, ತಾನು ಹೆಕ್ಕಿ ತಂದ ಟೇಪನ್ನು ಬೆರಳಿಗೆ ಸುತ್ತುತ್ತ. ಅವಳು ಅವನ ಕಡೆಗೆ ಹೊರಟವಳು ಗೇಟಿನಲ್ಲಿ ಬಡಗಿಯನ್ನು ಕಂಡು ನಿಂತಳು. ಬಡಗಿಯ ಕೈಯಲ್ಲಿ ಹೊದಿಕೆಯಲ್ಲಿ ಸುತ್ತಿದ ದುಂಡನೆಯ ವಸ್ತು. ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಯಿತು.

"ನೀನಾ ಕಳ್ಳ!"

"ಅಯ್ಯೋ, ಅಕ್ಕ!" ಬಡಗಿ ಸ್ಟೀರಿಂಗ್ ಚಕ್ರವನ್ನು ಎದೆಗೆ ಅವಚಿಕೊಂಡ. "ಮಾಮನೇ ಕೈಯಾರೆ ಕೊಟ್ಟಿದ್ದು. ಮರ ಸೀಳು ಬಿಟ್ಟಿದೆ, ಸರಿ ಮಾಡು ಅಂದ. ಮೂರು ತಿಂಗಳು ಉಜ್ಜಿದ್ದೀನಿ. ತೋರಿಸಬೇಕು ಅಂತಿದ್ದೆ, ಅಷ್ಟರಲ್ಲಿ..."

ಹಿಂದಿನಿಂದ ಹಾಲಿನವಳು ಮುಂದೆ ಬಂದಳು. "ನಂಗೂ ಒಂದು ಕೊಟ್ಟಿದ್ದ," ಎಂದು ಸೀರೆಯ ಸೆರಗಿನಿಂದ ಕಾರ್ಬ್ಯುರೇಟರ್ ತೆಗೆದಳು. "ಹಾಲಿನ ಯಂತ್ರ ತೊಳೆಯೋ ಕೈ ನಿಂದು, ಇದರ ತೂತೆಲ್ಲ ತೊಳ್ಕೊಡು ಅಂದಿದ್ದ. ಕೂದಲಿನ ಎಳೆ ಹಾಕಿ ಹಾಕಿ ತೊಳೆದಿದ್ದೀನಿ ತಾಯಿ."

ಅವಳ ಹಿಂದೆ ಸೈಕಲ್ ಅಂಗಡಿಯವನು, ತೂಕಡಿಕೆ, ಬಂದ. ಕೂತಲ್ಲೇ ನಿದ್ದೆ ಹೊಡೆಯುತ್ತಾನೆಂದು ಊರು ಅವನಿಗೆ ಆ ಹೆಸರಿಟ್ಟಿತ್ತು. ಅಂಗಿಯೊಳಗಿನಿಂದ ಅವನು ಸ್ಟಾರ್ಟ್ ಮಾಡುವ ಹ್ಯಾಂಡಲನ್ನು ಹೊರಗೆಳೆದ. ಬಾಗಿದ್ದುದು ಈಗ ನೆಟ್ಟಗಾಗಿತ್ತು.

"ಏನಿದು ತಮಾಷೆ?" ಎಂದ ಅಣ್ಣ.

ಬಡಗಿ ಹೇಳಿದ: "ತಮಾಷೆ ಅಲ್ಲ. ಮಾಮ ನಂಗೊಬ್ಬನಿಗೆ ಬಿಡಿಸಿ ಹೇಳಿದ್ದ. 'ಬೇಕಾ ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾರೆ ಕಣೋ, ಅದಕ್ಕೆ ಇನ್ಮೇಲೆ ನಾನು ಯಾರನ್ನೂ ಕೇಳಲ್ಲ. ನಾಲ್ಕು ಜನಕ್ಕೆ ನಾಲ್ಕು ಭಾಗ ಕೊಟ್ಟಿದ್ದೀನಿ. ಯಾರು ಮುತುವರ್ಜಿಯಿಂದ ಮಾಡಿ ತರ್ತಾರೋ ಮುದುಕಿ ಅವರಿಗೆ' ಅಂದ."

"ನಾಲ್ಕು ಜನ!" ಮಗಳ ಧ್ವನಿ ಒಡೆಯಿತು. "ಬಡಗಿಗೆ, ಹಾಲಿನವಳಿಗೆ, ತೂಕಡಿಕೆಗೆ! ಹೊಟ್ಟೆಯಲ್ಲಿ ಹುಟ್ಟಿದವಳು ಒಬ್ಬಳು ಇದ್ದಾಳೆ ಅಂತ ನೆನಪಾಗಲಿಲ್ಲ ಅವನಿಗೆ. ದೀಪ ಹಿಡಿದು ಹಿಡಿದು ನನ್ನ ಕೈಗೆ ಬೊಬ್ಬೆ ಬಂದಿತ್ತು!"

ಬಡಗಿ ಕ್ಯಾಬಿಗೆ ಹತ್ತಿ ಚಕ್ರ ಕೂರಿಸಿದ. ತೂಕಡಿಕೆ ಬಾನೆಟ್ ಎತ್ತಿ ಕಾರ್ಬ್ಯುರೇಟರ್ ಬಿಗಿದ. ಹ್ಯಾಂಡಲನ್ನು ಮುಂದಿನ ತೂತಿಗೆ ಸಿಕ್ಕಿಸಿ, ತಿರುಗಿಸದೆ ಹಾಗೇ ಬಿಟ್ಟು ಎದ್ದ.

"ಏಳಲ್ಲ ಇದು," ಎಂದ. "ಮ್ಯಾಗ್ನೆಟೊ ಇಲ್ಲ. ಕಿಡಿ ಕೊಡೋದೇ ಅದು. ಅದಿಲ್ಲದೆ ಇವೆಲ್ಲ ಬರೀ ಕಬ್ಬಿಣ."

"ನಾಲ್ಕನೆಯವನ ಹತ್ರ ಇರಬೇಕು," ಎಂದಳು ಹಾಲಿನವಳು.

"ಯಾವನವನು?" ಮಗಳಿಗೆ ಬೆಳಿಗ್ಗೆಯಿಂದ ಹುಡುಕುತ್ತಿದ್ದ ಗುರಿ ಸಿಕ್ಕಿತು. "ಮಾನ ಮರ್ಯಾದೆ ಇದ್ಯಾ ಅವನಿಗೆ? ಮುದುಕ ನಂಬಿ ಕೊಟ್ಟದ್ದನ್ನ ಇಟ್ಕೊಂಡು ಕೂತಿದ್ದಾನೆ. ಸತ್ತ ಸುದ್ದಿ ಕೇಳಿಯೂ ತರಲಿಲ್ಲ. ಅವನ ಕೈ ಸೇದಿಹೋಗಲಿ! ಹೇಳ್ರೋ, ಯಾರು ಅಂತ ಹೇಳಿ. ಮನೆಗೆ ಹೋಗಿ ಕತ್ತಿನ ಪಟ್ಟಿ ಹಿಡಿದು ಎಳ್ಕೊಂಡು ಬರ್ತೀನಿ."

"ನಮಗೂ ಗೊತ್ತಿಲ್ಲ, ಅಕ್ಕ," ಎಂದ ಬಡಗಿ. "ಮೂರು ಬೇಗ ಬರುತ್ತೆ, ನಾಲ್ಕನೇದು ಹಟಮಾರಿ, ಅದಕ್ಕೇ ಕಾಯ್ತಿದ್ದೀನಿ ಅಂತ ನಗ್ತಿದ್ದ. ಅಷ್ಟೇ."

ತೂಕಡಿಕೆ ಎಂಜಿನ್ನಿನ ಪಕ್ಕದ ಖಾಲಿ ಜಾಗವನ್ನು ಬೆರಳಿನಿಂದ ಒರೆಸುತ್ತಿದ್ದ. "ಮ್ಯಾಗ್ನೆಟೊ ಕೆಟ್ಟಿದ್ರೆ ಇನ್ನೇನಿರುತ್ತೆ," ಎಂದು ತನ್ನಷ್ಟಕ್ಕೇ ಹೇಳಿದ. "ಒಳಗಿನ ತಂತಿ ಸುಟ್ಟಿರುತ್ತೆ. ಹೊಸದಾಗಿ ಸುತ್ತಬೇಕು."

ಹೇಳಿ ಮುಗಿಸಿದವನು ತಲೆಯೆತ್ತಿ ಅವಳನ್ನು ನೋಡಿದ. ಬಡಗಿಯೂ ನೋಡಿದ. ಹಾಲಿನವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಗಳ ಬೈಗುಳ ಇನ್ನೂ ಬಾಯಲ್ಲೇ ಇತ್ತು. ಅದನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

*

ಅಂಗಡಿಯ ಬಾಗಿಲನ್ನು ಅವಳು ತೆರೆದದ್ದು ಕಾಲಿನಿಂದ. ಮೇಜಿನ ಕೆಳಗೆ ಮಂಡಿಯೂರಿ ಅಪ್ಪನ ಮೂಲೆಯೊಳಗೆ ಕೈ ಹಾಕಿದಳು. ಯಾರದೋ ಮಿಕ್ಸರು, ಯಾರದೋ ಫ್ಯಾನು. ಎಲ್ಲವನ್ನೂ ಎಳೆದೆಳೆದು ಹಿಂದಕ್ಕೆ ಎಸೆದಳು. ಗೋಡೆಗೆ ಒತ್ತಿ, ಬೆರಳಷ್ಟು ಧೂಳು ಹೊತ್ತು, ಗೋಣಿಚೀಲದ ಗಂಟು ಕೂತಿತ್ತು.

ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಒಳಗೆ ಮ್ಯಾಗ್ನೆಟೊ. ಹೊರಮೈಯನ್ನು ಅಪ್ಪ ತಾನೇ ಒರೆಸಿ ಎಣ್ಣೆ ಸವರಿ ಕೊಟ್ಟಿದ್ದ. ಆ ಎಣ್ಣೆ ಈಗ ಅಂಟುಅಂಟಾಗಿ ಹಳದಿಯಾಗಿತ್ತು. ಪಕ್ಕದಲ್ಲಿ ಹೊಸ ತಂತಿಯ ಸುರುಳಿ, ಕೂದಲಿನಷ್ಟು ಸಣ್ಣದು, ಅವಳು ಯಾವಾಗಲೂ ಕೊಳ್ಳುವಂಥದ್ದೇ. ಅಂಗಡಿಯ ತಂತಿ ಖರ್ಚಾಯಿತು ಎಂದು ಮಗಳು ಗೊಣಗಬಾರದು ಅಂತ ಅದನ್ನೂ ತಂದಿಟ್ಟಿದ್ದ.

"ಕೇಳಬಾರದಿತ್ತಾ?" ಎಂದು ಅವಳು ಕಿರುಚಿದಳು. "ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಮುದುಕಾ!"

ಇಪ್ಪತ್ತು ಹೆಜ್ಜೆ. ಅವನು ಬಂದಿದ್ದ. ಮೂರು ಸಲ ಬಂದಿದ್ದ. ಹೋಗದೆ ಕೂತವಳು ಅವಳು. ಸಿಟ್ಟು ಕಡಿಮೆಯಾಗಲಿಲ್ಲ. ಇಷ್ಟು ಹೊತ್ತು ಊರ ಮೇಲೆಲ್ಲ ಹಂಚಿಹೋಗಿದ್ದದ್ದು ಈಗ ಇಬ್ಬರಿಗೆ ಮಾತ್ರ ಉಳಿಯಿತು, ಅವರಲ್ಲಿ ಒಬ್ಬ ಮಣ್ಣಿನೊಳಗಿದ್ದ.

ದೀಪ ಹಾಕಿ ಮೇಜಿಗೆ ಕೂತಳು. ಸ್ಮಶಾನದ ಮಣ್ಣು ಅಂಟಿದ ಕೈಯನ್ನು ತೊಳೆಯುವ ವ್ಯವಧಾನ ಇರಲಿಲ್ಲ. ನಾಲ್ಕು ಸ್ಕ್ರೂ ತೆಗೆದು, ಸುಟ್ಟ ತಂತಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದಳು.

ಬಾಗಿಲಲ್ಲಿ ಅಣ್ಣ ಬಂದು ನಿಂತ. "ಲಾಡ್ಜಿನವರು ಕಾಯ್ತಿದ್ದಾರೆ," ಎಂದ, ಮೊದಲಿನ ಜೋರಿಲ್ಲದೆ. "ಏನು ಹೇಳ್ಲಿ?"

"ಅವನನ್ನ ಕಳಿಸು. ಆ ಮೂವರಿಗೆ ಕೂತಿರೋಕೆ ಹೇಳು. ಯಾರಿಗೆ ಮುದುಕಿ ಅಂತ ಅವರೇ ನೋಡಿ ಹೇಳಲಿ."

"ನಿಂಗೆ ಬೇಕಾ ಅದು?"

ಅವಳು ತಂತಿಯ ತುದಿ ಹಿಡಿದು ಎಳೆದಳು. ಕಪ್ಪು ಸುರುಳಿಗಳು ಒಂದರ ಮೇಲೊಂದು ಮೇಜಿನಿಂದ ನೆಲಕ್ಕಿಳಿದು, ಗೋಣಿಚೀಲದ ಮೇಲೆ, ಅದಕ್ಕೆ ಕಟ್ಟಿದ್ದ ಚೀಟಿಯ ಮೇಲೆ ಬೀಳತೊಡಗಿದವು. ಚೀಟಿಯಲ್ಲಿ ಅವಳದೇ ಅವಸರದ ಕೈಬರಹವಿತ್ತು: 'ನಮ್ಮೋರದ್ದು. ಬಿಟ್ಟಿ. ಅರ್ಜೆಂಟಿಲ್ಲ.'